ಸೆಟ್ ಬಿದ್ದಾಗ ಸುಮ್ನೆ ಕಾಲ್ ಮಾಡಿದ್ದು

ಮೊನ್ನೆ ಪೋಕರ್‌ನಲ್ಲಿ (ಟೆಕ್ಸಾಸ್ ಹೋಲ್ಡೆಮ್) ಮತ್ತೆ ಅದೇ ತಪ್ಪು ಮಾಡಿದೆ: ಒಳ್ಳೆ ಕೈ ಬಂದಾಗ ರೈಸ್ ಮಾಡಿ ಬೆಟ್ ಏರಿಸುವ ಬದಲು, ಎದುರಿನವನು ಹಾಕಿದಷ್ಟೇ ಹಾಕಿ ಕಾಲ್ ಮಾಡಿದ್ದು. ಕೈಯಲ್ಲಿ ಎರಡು ಒಂಬತ್ತು. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಆಟೀನ್ ಎಂಟು, ಆಟೀನ್ ಒಂಬತ್ತು, ಕಳಾವರ್ ನಾಲ್ಕು. ಕೈಯಲ್ಲಿ ಜೋಡಿ ಇದ್ದರೂ ಫ್ಲಾಪ್‌ನಲ್ಲಿ ಅದೇ ಅಂಕಿಯ ಮೂರನೇ ಎಲೆ ಬಿದ್ದು ಸೆಟ್ ಆಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಎದೆ ಡವಡವ ಅಂತಿತ್ತು.

ಪಾಟ್‌ನಲ್ಲಿ, ಅಂದರೆ ಗೆದ್ದವನಿಗೆ ಸಿಗುವ ರಾಶಿಯಲ್ಲಿ, 12 ಚಿಪ್ಸ್. ನನಗಿಂತ ಮೊದಲಿದ್ದವನು 8 ಹಾಕಿದ. ನಾನು ಮುಖ ಸಪ್ಪಗೆ ಮಾಡಿಕೊಂಡು ಕಾಲ್ ಮಾಡಿದೆ. ನನ್ನ ನಂತರದ ಇಬ್ಬರೂ ಖುಷಿಯಾಗಿ ಕಾಲ್ ಮಾಡಿದರು. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಬಂದದ್ದು ಆಟೀನ್ ಗುಲಾಮ. ಅಲ್ಲಿಗೆ ಪಕ್ಕದವನಿಗೆ ಒಂದೇ ಗುರುತಿನ ಐದು ಎಲೆ ಸೇರಿ ಫ್ಲಶ್ ಆಗಿಹೋಯಿತು, ಅದು ಸೆಟ್‌ಗಿಂತ ಮೇಲು. ನನ್ನನ್ನು ಉಳಿಸಲು, ಅಂದರೆ ಟೇಬಲ್ ಮೇಲಿನ ಯಾವುದಾದರೂ ಎಲೆಗೆ ಜೋಡಿಯಾಗಲು, ನಾನು ನೋಡದ 46 ಎಲೆಗಳಲ್ಲಿ 10 ಇದ್ದವು. ಒಂದೂ ಬರಲಿಲ್ಲ. ಆದರೂ ಕೊನೆಯವರೆಗೆ ಚಿಪ್ಸ್ ಸುರಿದೆ.

ಆಮೇಲೆ ಲೆಕ್ಕ ಹಾಕಿದೆ. ನಾನು ಕಾಲ್ ಮಾಡಿದ್ದರಿಂದ ಪಕ್ಕದವನು 28ರ ಪಾಟ್‌ಗಾಗಿ ಬರೀ 8 ಕೊಟ್ಟು ಮುಂದಿನ ಎಲೆ ನೋಡಿದ. ಅವನ ಫ್ಲಶ್‌ಗೆ ಅವನು ನೋಡದ 47ರಲ್ಲಿ 9 ಎಲೆ. ಅಷ್ಟು ಹಣಕ್ಕೆ ಹೆಚ್ಚುಕಡಿಮೆ ಸರಿಯಾದ ರೇಟು, ಫ್ಲಶ್ ಬಿದ್ದ ಮೇಲೆ ನನ್ನಿಂದ ಕಿತ್ತುಕೊಂಡಿದ್ದು ಬೇರೆ. ನಾನು 28ಕ್ಕೆ ರೈಸ್ ಮಾಡಿದ್ದರೆ 48ರ ಪಾಟ್‌ಗಾಗಿ ಅವನು 28 ಹಾಕಬೇಕಿತ್ತು. ಆಗ ಅವನು ಕಾಲ್ ಮಾಡಿದ್ದರೂ ನನಗೇ ಲಾಭ.

ನಿಜ ಹೇಳಬೇಕಂದ್ರೆ ಆ ಕಾಲ್‌ನಲ್ಲಿ ಯಾವ ತಂತ್ರವೂ ಇರಲಿಲ್ಲ. ಕೊನೆಗೆ ಎಲೆ ತಿರುಗಿಸಿ ಎಲ್ಲರ ಬಾಯಿ ಮುಚ್ಚಿಸುವ ಆಸೆ, ಅಷ್ಟೇ.

ಕಾಲ್ ಮಾಡಲೇಬಾರದು ಅಂತಲ್ಲ. ನನ್ನ ಹತ್ತಿರ ಜೋಡಿ ಏಳು, ಫ್ಲಾಪ್‌ನಲ್ಲಿ ಇಸ್ಪೀಟ್ ರಾಜ, ಡೈಮಂಡ್ ಏಳು, ಕಳಾವರ್ ಎರಡು ಅಂದುಕೊಳ್ಳಿ. ಇಲ್ಲಿ ನನ್ನನ್ನು ಹೆದರಿಸುವ ಎಲೆ ತುಂಬಾ ಕಡಿಮೆ. ಎದುರಿಗೆ ಒಬ್ಬನೇ, ಅದೂ ಬ್ಲಫ್ ಮಾಡದೆ ಕೂರಲಾರದವನು. ರೈಸ್ ಮಾಡಿದರೆ ಎದ್ದು ಹೋಗುತ್ತಾನೆ, ಕಾಲ್ ಮಾಡಿದರೆ ಟರ್ನ್‌ನಲ್ಲೂ ತಾನೇ ಹಾಕುತ್ತಾನೆ. ಹಾಕಲಿ ಬಿಡಿ. ಅದೇ ಜಾಗದಲ್ಲಿ ಸಣ್ಣ ಜೋಡಿ ಹಿಡಿದುಕೊಂಡು ಎಲ್ಲದಕ್ಕೂ ಕಾಲ್ ಅನ್ನುವವನಿದ್ದರೆ ನಾಟಕ ಯಾಕೆ? ರೈಸ್.

ಯಾರೂ ಬೆಟ್ ಮಾಡದೆ ಸುತ್ತು ಮುಗಿದರೆ ಇನ್ನೂ ನಷ್ಟ. 12ರ ಪಾಟ್‌ಗೆ ಮೂರು ಸುತ್ತೂ ಆಗಿನ ಪಾಟ್‌ನ ಮೂರರಲ್ಲಿ ಎರಡು ಭಾಗದಷ್ಟು ಬೆಟ್ ಮಾಡಿ, ಒಬ್ಬ ಕಾಲ್ ಮಾಡುತ್ತಾ ಬಂದರೆ ಕೊನೆಗೆ ಪಾಟ್ 150 ದಾಟುತ್ತದೆ. ಫ್ಲಾಪ್ ಸುತ್ತು ಬಿಟ್ಟರೆ 65ರ ಆಸುಪಾಸಿಗೇ ನಿಲ್ಲುತ್ತದೆ. ಒಂದು ಸುತ್ತು ಜಾಣತನ ತೋರಿಸಲು ಹೋಗಿ ಅರ್ಧಕ್ಕಿಂತ ಜಾಸ್ತಿ ಹೋಯಿತಲ್ವಾ?

ಕೊನೆಯ, ಐದನೇ ಎಲೆಯಾದ ರಿವರ್‌ನ ಮಾತು ಬೇರೆ. ಅಲ್ಲಿ ಬರಬೇಕಾದ ಎಲೆ ಇಲ್ಲ, ಹೆದರುವುದೂ ಇಲ್ಲ. ನನಗಿಂತ ಕೆಳಗಿನ ಕೈ ನನ್ನ ರೈಸ್‌ಗೆ ಕಾಲ್ ಮಾಡುತ್ತದಾ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಮೇಲಿನ ಕೈಯಷ್ಟೇ ಕಾಲ್ ಮಾಡೋದಾದ್ರೆ ಸುಮ್ನೆ ಕಾಲ್ ಮಾಡಿ ನೋಡುವುದು.

ನಿನ್ನೆ ಜೋಡಿ ಐದು ಬಂತು. ಫ್ಲಾಪ್‌ನಲ್ಲಿ ಇನ್ನೊಂದು ಐದು, ಜೊತೆಗೆ ಎರಡು ಇಸ್ಪೀಟ್. ಒಬ್ಬ 8 ಹಾಕಿದ, ನಾನು ತಕ್ಷಣ ರೈಸ್ ಮಾಡಿದೆ. ಎಲ್ಲರೂ ಫೋಲ್ಡ್, ಎಲೆ ಬಿಟ್ಟುಕೊಟ್ಟರು. ಸಿಕ್ಕಿದ್ದು 20 ಚಿಪ್ಸ್. ಸುಳ್ಳು ಯಾಕೆ ಹೇಳಲಿ, ಒಂಚೂರು ಬೇಜಾರಾಯಿತು.