ದೂರ ಅಂತ ಬರೆಯುವ ಮೊದಲು ಧೂಳು ನೋಡಿ

ಬಳ್ಳಾರಿಯ ಡಿಗ್ರಿ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ರಾತ್ರಿ ಹೊತ್ತು ಒಂದು ತಂಡದ ಜೊತೆ ಸೇರಿ, ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಬಹಳ ದೂರದ ಗ್ಯಾಲಕ್ಸಿಗಳನ್ನು ಹುಡುಕುತ್ತೇನೆ.

ಹುಡುಕುವ ರೀತಿ ಇಷ್ಟು. ಆಕಾಶದ ಒಂದೇ ತುಣುಕನ್ನು ಬೇರೆ ಬೇರೆ ಫಿಲ್ಟರ್‌ನಲ್ಲಿ ತೆಗೆದಿರುತ್ತಾರೆ. ತುಂಬಾ ದೂರದ್ದಾದರೆ ಅದರ ಬೆಳಕು ದಾರಿಯಲ್ಲೇ ಹಿಗ್ಗಿ ಕೆಂಪಿನ ಕಡೆಗೆ, ಅದನ್ನೂ ದಾಟಿ ಇನ್‌ಫ್ರಾರೆಡ್‌ಗೆ ಜಾರಿರುತ್ತದೆ, ಹಾಗಾಗಿ ಚಿಕ್ಕ ತರಂಗದ ಫಿಲ್ಟರ್‌ಗಳಲ್ಲಿ ಏನೂ ಕಾಣದೆ ಉದ್ದ ತರಂಗದವುಗಳಲ್ಲಿ ಮಾತ್ರ ಚುಕ್ಕೆ ಕಾಣುತ್ತದೆ.

ಹೋದ ವರ್ಷ ನನಗೆ ಅಂಥದ್ದೊಂದು ಚುಕ್ಕೆ ಸಿಕ್ಕಿತು. ಸಾಫ್ಟ್‌ವೇರ್ ಕೂಡ ತುಂಬಾ ದೂರ ಅಂತಲೇ ಹೇಳಿತು. ಪಟ್ಟಿಯ ಮೇಲ್ಗಡೆ ಹಾಕಿ ಕಳಿಸಿದೆ. ತಂಡದ ಹಿರಿಯ ಮೇಡಂ ಕೇಳಿದ್ದು ಒಂದೇ ಮಾತು: "ಸರ್, ಧೂಳು ಎಷ್ಟು ಬಿಟ್ಟಿದ್ರಿ?"

ಗ್ಯಾಲಕ್ಸಿಯಲ್ಲಿ ಹೆಚ್ಚೆಂದರೆ ಎಷ್ಟು ಧೂಳಿರಬಹುದು ಅಂತ ಸಾಫ್ಟ್‌ವೇರ್‌ಗೆ ಒಂದು ಮಿತಿ ಕೊಡಬೇಕು; ಲೆಕ್ಕ ಬೇಗ ಮುಗಿಯಲಿ ಅಂತ ನಾನು ಅದನ್ನು ತೀರಾ ಕಡಿಮೆ ಇಟ್ಟಿದ್ದೆ. ಅದನ್ನು ಸಡಿಲಿಸಿ ಮತ್ತೆ ಓಡಿಸಿದಾಗ ಎರಡನೇ ಉತ್ತರ ಬಂತು: ಅಷ್ಟು ದೂರದ್ದಲ್ಲ, ಆದರೆ ಧೂಳು ಜಾಸ್ತಿ. ಧೂಳಿನ ಶಾಖ ಕಾಣುವ ಉದ್ದ ತರಂಗದ, ಹಳೆಯ 850 ಮೈಕ್ರಾನ್ ನಕ್ಷೆ ತೆಗೆದರೆ ಅದೇ ಜಾಗದಲ್ಲಿ ಚೆನ್ನಾಗಿ ಹೊಳೆಯುತ್ತಿದೆ!

ನನಗೆ ಬೇಜಾರಾಗಿದ್ದು ಯಾಕೆಂದರೆ, ಇದು ನಮ್ಮೂರಿನವರಿಗೆ ಹೊಸದಲ್ಲ ಅಲ್ವಾ? ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿ ಹೋದ ಮೇಲೆ ಎದುರಿನ ಗಾಡಿಯ ಬಿಳಿ ಲೈಟ್ ಮಂಕಾಗಿ, ಕೆಂಪಗೆ ಕಾಣುತ್ತದೆ. ಗಾಡಿ ಹತ್ತಿರದಲ್ಲೇ ಇರುತ್ತದೆ. ಗ್ಯಾಲಕ್ಸಿಯ ಧೂಳು ಅದಿರಿನದ್ದಲ್ಲ, ಹೊಗೆಯಷ್ಟು ಸಣ್ಣ ಕಾರ್ಬನ್, ಸಿಲಿಕೇಟ್ ಕಣಗಳು. ಅವು ನಕ್ಷತ್ರದ ನೀಲಿ ಬೆಳಕನ್ನು ಹೆಚ್ಚು ನುಂಗಿ, ಬಿಸಿಯಾಗಿ, ಆ ಶಾಖವನ್ನು ಉದ್ದನೆಯ ತರಂಗದಲ್ಲಿ ಹೊರಗೆ ಬಿಡುತ್ತವೆ.

ದೊಡ್ಡ ತಂಡಗಳಿಗೂ ಇದು ಕಾಡಿದೆ. 2022ರಲ್ಲಿ ಸೀರ್ಸ್-93316 ಎಂಬ ಚುಕ್ಕೆ ಮಹಾಸ್ಫೋಟವಾಗಿ ಬರೀ 25 ಕೋಟಿ ವರ್ಷಕ್ಕೆ ಇದ್ದದ್ದು ಅಂದುಕೊಂಡಿದ್ದರು. ಮರುವರ್ಷ ರೋಹಿತ ತೆಗೆದು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ, ಸುಮಾರು 120 ಕೋಟಿ ವರ್ಷಕ್ಕೆ ಇದ್ದದ್ದು, ಅಂದರೆ ಅಷ್ಟು ದೂರದ್ದಲ್ಲ. ಧೂಳು ಮತ್ತು ಬಿಸಿ ಅನಿಲ ಕೆಲವೇ ಬಣ್ಣಗಳಲ್ಲಿ ಬಿಡುವ ಜೋರು ಬೆಳಕು ಸೇರಿ ದಾರಿ ತಪ್ಪಿಸಿದ್ದವು.

ಉಲ್ಟಾ ಕಥೆಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. 1998ರಲ್ಲಿ ಹವಾಯಿಯ ಮೌನಾ ಕಿಯಾ ಬೆಟ್ಟದಿಂದ, ಅದೇ 850 ಮೈಕ್ರಾನ್‌ನಲ್ಲಿ ನೋಡುವ ಸ್ಕೂಬಾ ಕ್ಯಾಮೆರಾ ಎಚ್‌ಡಿಎಫ್850.1 ಎಂಬ ಹೊಳಪನ್ನು ಹಿಡಿಯಿತು. ಅದೇ ಜಾಗವನ್ನು ಹಬಲ್ ದೂರದರ್ಶಕ ದಿನಗಟ್ಟಲೆ ನೋಡಿದ್ದರೂ, ಧೂಳು ಮುಚ್ಚಿದ್ದರಿಂದ ಆ ಗ್ಯಾಲಕ್ಸಿ ಅದಕ್ಕೆ ಕಂಡಿರಲಿಲ್ಲ. ದೂರ ಗೊತ್ತಾಗಲು 2012ರವರೆಗೆ ಕಾಯಬೇಕಾಯಿತು. ಮಹಾಸ್ಫೋಟದ ನಂತರ ಸುಮಾರು 110 ಕೋಟಿ ವರ್ಷಕ್ಕೇ ಅಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ನಕ್ಷತ್ರಗಳು ಹುಟ್ಟುತ್ತಿದ್ದವು.

ಇದನ್ನು ಓದಿದ ಮೇಲೆ ಹಬಲ್‌ನಲ್ಲಿ ಕಾಣದ ಚುಕ್ಕೆಗಳನ್ನು ಸುಮ್ನೆ ಅಳಿಸುವುದನ್ನು ಬಿಟ್ಟೆ. ಪ್ರತಿಯೊಂದನ್ನೂ ಧೂಳಿನ ಮಿತಿ ಕಡಿಮೆ ಇಟ್ಟು ಒಮ್ಮೆ, ಪೂರ್ತಿ ಸಡಿಲಿಸಿ ಒಮ್ಮೆ ಓಡಿಸುತ್ತೇನೆ. ಎರಡು ಉತ್ತರ ಬಂದರೆ ಎರಡನ್ನೂ ಬರೆದು ಕಳಿಸುತ್ತೇನೆ. ನನ್ನ ಆ ಚುಕ್ಕೆ ಪಟ್ಟಿಯಲ್ಲಿ ಇನ್ನೂ ಇದೆ, ಈಗ ಧೂಳಿನ ಕಾಲಂನಲ್ಲಿ. ಅದರ ರೋಹಿತ ಇನ್ನೂ ಬರಬೇಕು.