ಕುಕ್ಕರಹಳ್ಳಿ ಕೆರೆ ಏರಿ ಮೇಲೆ

ಮಂಡ್ಯ ಕಡೆಯ ಹಳ್ಳಿಯಿಂದ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಬಂದು ಮೂರು ತಿಂಗಳಾಯಿತು. ಎಂ.ಎ. ಮೊದಲ ವರ್ಷ. ಶುರುವಿನಲ್ಲಿ ಯಾರ ಹತ್ತಿರವೂ ಮಾತಾಡಲು ಆಗುತ್ತಿರಲಿಲ್ಲ, ಮಧ್ಯಾಹ್ನ ಒಬ್ಬಳೇ ಮರದ ಕೆಳಗೆ ಕೂತು ಅಮ್ಮನಿಗೆ ಫೋನ್ ಮಾಡುತ್ತಿದ್ದೆ, ಅವಳು 'ಊಟ ಆಯ್ತಾ ಮಗ' ಅಂದರೆ ಸಾಕು, ಗಂಟಲು ಕಟ್ಟುತ್ತಿತ್ತು. ಊರು ಬರೀ ಒಂದೂವರೆ ಗಂಟೆ ದೂರ, ಆದರೂ!

ಈಗ ರಾಯಚೂರಿನ ರೂಮ್‌ಮೇಟ್ ಜೊತೆ ದಿನಾ ಸಂಜೆ ಈ ಏರಿ ಮೇಲೆ ನಡೆಯುತ್ತೇನೆ. ಅವಳಿಗೆ ರೊಟ್ಟಿ ನೆನಪು, ನನಗೆ ಮುದ್ದೆ. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ಸುಮ್ನೆ ನೋಡುತ್ತೇವೆ. 1916ರಿಂದ ಈ ವಿಶ್ವವಿದ್ಯಾಲಯಕ್ಕೆ ಎಷ್ಟು ಜನ ಹೀಗೇ ಅಳುಕುತ್ತಾ ಬಂದಿರಬೇಕು ಅಲ್ವಾ? ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. ಆ ಹೆಸರು ಈಗೀಗ ನನ್ನದೂ ಅನ್ನಿಸುತ್ತಿದೆ.

ನಾಳೆ ನನ್ನ ಮೊದಲ ಸೆಮಿನಾರ್. ಅಮ್ಮನಿಗೆ ಆಮೇಲೆ ಫೋನ್ ಮಾಡುತ್ತೇನೆ.