ಶಿಬಾ ರ್ಯೋತಾರೋ ಬರೆಯದೆ ಬಿಟ್ಟ ಕಾದಂಬರಿ

1945ರಲ್ಲಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ, ಟೋಕಿಯೋದ ಉತ್ತರಕ್ಕಿರುವ ಸಾನೋ ಎಂಬ ಊರಿನಲ್ಲಿ ಬೀಡುಬಿಟ್ಟಿದ್ದ ಟ್ಯಾಂಕ್ ದಳದಲ್ಲಿ ಫುಕುದಾ ತೇಯಿಚಿ ಎಂಬ ಯುವ ಅಧಿಕಾರಿಯಿದ್ದರು; ಮುಂದೆ ಕಾದಂಬರಿಕಾರ ಶಿಬಾ ರ್ಯೋತಾರೋ ಎಂದು ಹೆಸರಾದವರು ಇವರೇ. ಅಮೆರಿಕದ ಸೇನೆ ಕರಾವಳಿಯಲ್ಲಿ ಇಳಿದೊಡನೆ ಈ ದಳ ದಕ್ಷಿಣಕ್ಕೆ ಧಾವಿಸಬೇಕಿತ್ತು. ಅದೇ ದಾರಿಯಲ್ಲಿ ರಾಜಧಾನಿಯ ಜನ ಗಂಟುಮೂಟೆ ಹೊತ್ತು ಎದುರಿಗೆ ಬಂದರೆ ಏನು ಮಾಡಬೇಕೆಂಬ ಪ್ರಶ್ನೆಗೆ, ಮೇಲಿನಿಂದ ಬಂದಿದ್ದ ಅಧಿಕಾರಿ, ಅವರ ಮೇಲೆಯೇ ಹಾಯಿಸಿಕೊಂಡು ಹೋಗಿ ಎಂದನೆಂದು ಫುಕುದಾ ಮುಂದೆ ಬರೆದರು. ಹೊಸದಾಗಿ ಬಂದ ಟ್ಯಾಂಕಿನ ಕವಚದ ಮೇಲೆ ಅರ ಇಟ್ಟು ಉಜ್ಜಿದಾಗ ಉಕ್ಕಿನಲ್ಲಿ ಗೀರು ಬಿದ್ದದ್ದನ್ನೂ ಅವರು ಬರೆದಿದ್ದಾರೆ. ಅರಕ್ಕೆ ಸವೆಯುವ ಉಕ್ಕು ಗುಂಡನ್ನು ಹೇಗೆ ತಡೆದೀತು?

ಆಗಸ್ಟ್ 15ರಂದು ಜಪಾನ್ ಸೋಲೊಪ್ಪಿಕೊಂಡಾಗ ಅವರಿಗೆ 22 ವರ್ಷ. ಇಷ್ಟು ಅವಿವೇಕದ ಯುದ್ಧವನ್ನು ಮಾಡುವಂಥ ದೇಶ ತಮ್ಮದು ಹೇಗಾಯಿತು, ಹಿಂದಿನ ಜಪಾನೀಯರೂ ಹೀಗೆಯೇ ಇದ್ದರೇ ಎಂಬ ಪ್ರಶ್ನೆ ಅಂದು ಅವರನ್ನು ಹಿಡಿದದ್ದು ಬಿಡಲೇ ಇಲ್ಲ. ತಮ್ಮ ಕಾದಂಬರಿಗಳೆಲ್ಲ ಆ 22ರ ತರುಣನಿಗೆ ಬರೆದ ಪತ್ರಗಳು ಎಂದು ಅವರು ಹೇಳಿಕೊಂಡಿದ್ದಾರೆ. ಅವರನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಒಸಾಕಾದಲ್ಲಿ 1923ರಲ್ಲಿ ಹುಟ್ಟಿ, ಮಂಗೋಲಿಯನ್ ಭಾಷೆ ಕಲಿತು, ಯುದ್ಧಾನಂತರ ಪತ್ರಕರ್ತರಾದ ಅವರು ಇಟ್ಟುಕೊಂಡ ಕಾವ್ಯನಾಮ ಶಿಬಾ ರ್ಯೋತಾರೋ. ಚೀನಾದ ಪ್ರಾಚೀನ ಇತಿಹಾಸಕಾರ ಸಿಮಾ ಚಿಯೆನ್‌ಗೆ ಬಹುದೂರದಲ್ಲಿರುವವನು ಎಂಬ ವಿನಯ ಆ ಹೆಸರಿನಲ್ಲಿಯೇ ಇದೆ. 1962ರಿಂದ 1966ರವರೆಗೆ ಸಾಂಕೇಯಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ 'ರ್ಯೋಮಾ ಗಾ ಯುಕು' ಅವರನ್ನು ಮನೆಮಾತಾಗಿಸಿತು. ಇಂದು ಜಪಾನೀಯರ ಮನಸ್ಸಿನಲ್ಲಿರುವ, ಹತ್ತೊಂಬತ್ತನೆಯ ಶತಮಾನದ ಸಮುರಾಯ್ ಸಾಕಾಮೋತೋ ರ್ಯೋಮಾ ಬಹುಮಟ್ಟಿಗೆ ಶಿಬಾ ಅವರ ರ್ಯೋಮಾನೇ.

ಕಥೆಯ ಓಟವನ್ನು ನಡುವೆಯೇ ನಿಲ್ಲಿಸಿ, ಇದು ಪ್ರಾಸಂಗಿಕವಾಗಿ ಹೇಳುವ ಮಾತು ಎಂದು ಊರೊಂದರ ಭೂಗುಣವನ್ನೋ ಹಡಗಿನ ಕಲ್ಲಿದ್ದಲನ್ನೋ ವಿವರಿಸತೊಡಗುವುದು ಅವರ ಶೈಲಿ. ಕೆಲವರಿಗೆ ಇದು ಅಡ್ಡಿಯೆನಿಸಬಹುದು, ನನಗೆ ಮಾತ್ರ ಅವರ ಜೀವಾಳವೇ ಅಲ್ಲಿದೆ. 1904-05ರ ರಷ್ಯಾ-ಜಪಾನ್ ಯುದ್ಧವನ್ನು ಕುರಿತ ಕಾದಂಬರಿ 'ಸಾಕಾ ನೋ ಉಯೆ ನೋ ಕುಮೋ'ದಲ್ಲಿ ಈ ಗುಣ ಎದ್ದುಕಾಣುತ್ತದೆ. ಆದರೆ ಜಪಾನ್ ಆಧುನಿಕವಾದ ಮೇಯಿಜಿ ಯುಗವನ್ನು (1868-1912) ಇಷ್ಟು ಬೆಳಗಿಸಿ ತೋರಿಸುವಾಗ, ಅದೇ ಯುಗ ಕೊರಿಯಾದ ಮೇಲೆ ಎಸಗಿದ್ದು ನೆರಳಿನಲ್ಲಿಯೇ ಉಳಿದುಬಿಡುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಕೃತಿ ಯುದ್ಧೋನ್ಮಾದಕ್ಕೆ ಬಳಕೆಯಾದೀತೆಂಬ ಆತಂಕ ಅವರಿಗೂ ಇತ್ತು. ಬದುಕಿರುವವರೆಗೂ ಅದನ್ನು ತೆರೆಗೆ ತರಲು ಅವರು ಒಪ್ಪಲಿಲ್ಲ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಅದನ್ನು ಪ್ರಸಾರ ಮಾಡಿದ್ದು 2009ರಿಂದ 2011ರವರೆಗೆ, ಅವರು ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ.

ಅವರು ಬರೆಯಲೇಬೇಕಿದ್ದ ಇನ್ನೊಂದು ಕಥೆಯಿತ್ತು. 1939ರಲ್ಲಿ ಮಂಗೋಲಿಯಾದ ಗಡಿಯ ನೊಮೊನ್‌ಹಾನ್‌ನಲ್ಲಿ ಜಪಾನಿನ ಸೇನೆ ಸೋವಿಯತ್ ಟ್ಯಾಂಕುಗಳೆದುರು ನುಚ್ಚುನೂರಾಗಿತ್ತು. ಮಂಗೋಲಿಯನ್ ಬಲ್ಲ, ಟ್ಯಾಂಕಿನೊಳಗೆ ಕೂತು ಬಂದ ಲೇಖಕನಿಗೆ ಇದಕ್ಕಿಂತ ಹತ್ತಿರದ ವಸ್ತು ಯಾವುದಿದ್ದೀತು? ಶಿಬಾ ವರ್ಷಗಟ್ಟಲೆ ದಾಖಲೆ ಕೂಡಿಹಾಕಿದರು, ಬದುಕುಳಿದವರನ್ನು ಕಂಡು ಮಾತನಾಡಿಸಿದರು, ಆದರೆ ಕಾದಂಬರಿ ಬರೆಯಲಿಲ್ಲ. ಬದಲಾಗಿ 1971ರಲ್ಲಿ ಆರಂಭಿಸಿದ ಪ್ರವಾಸ ಬರಹಗಳ ಮಾಲೆಗಾಗಿ ಹಳೆಯ ದಾರಿಗಳಲ್ಲಿ ಅಲೆಯುತ್ತಲೇ ಹೋದರು. 1996ರ ಫೆಬ್ರವರಿ 12ರಂದು ಅವರು ತೀರಿಕೊಂಡಾಗ ಅದರ 43ನೆಯ ಸಂಪುಟ ಅರ್ಧಕ್ಕೇ ನಿಂತಿತ್ತು.